ಕಾರ್ತಿಕ ಮಾಸದಲ್ಲಿ ಮನೆಯ ಹೂದೋಟದ ವಾರದ ಕೆಲಸಗಳು

(ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ಗ್ರಾಮದ ಯಜಮಾನರಿಗೂ ಭೂಮಾಲಿಕರಿಗೂ)

ದೇವರ ಪೂಜೆಗೆ, ಹೆಣ್ಣುಮಕ್ಕಳ ಮುಡಿಗೆ, ಮದುವೆ ಮುಂಜಿಗಳಿಗೆ, ಜಾತ್ರೆ ಉತ್ಸವಗಳಿಗೆ, ಕಡೆಗೆ ತೀರಿಕೊಂಡವರ ಸಂಸ್ಕಾರಕ್ಕೂ ಸಹ ನಮ್ಮಲ್ಲಿ ಹೂವು ಬೇಕು. ಹಿಂದೆ ಈ ಹೂವು ಬಹುಮಟ್ಟಿಗೆ ಮನೆಯ ಹಿತ್ತಲಿನಿಂದಲೇ ಬರುತ್ತಿದ್ದಿತು. ಈಗ ಹಿತ್ತಲೂ ಬಾವಿಯೂ ಇರುವ ಅನೇಕ ರೈತರ ಮನೆಗಳಿಗೆ ಕೂಡ ಹೂವು ಸಂತೆಯಿಂದ ಮೊಳದ ಲೆಕ್ಕದಲ್ಲಿ ಬರುತ್ತದೆ. ಚೈತ್ರ ವೈಶಾಖಗಳಲ್ಲಿ ಮದುವೆಗಳು ಹೆಚ್ಚಿ ಹೂವಿಗೆ ಬೆಲೆ ಏರುವ ಕಾಲಕ್ಕೆ ಹಿತ್ತಲಿನ ಮಲ್ಲಿಗೆಯು ಹಳೆಯ ಕಡ್ಡಿಗಳ ಪೊದೆಯಾಗಿ ಬರಡಾಗಿ ನಿಂತಿರುತ್ತದೆ. ಇದಕ್ಕೆ ಬೇಸಗೆಯ ಬಿಸಿಲೇ ಕಾರಣವೆಂದು ಹೇಳುವುದು ವಾಡಿಕೆಯಾಗಿದೆ. ಆದರೆ ನಿಜವಾದ ಕಾರಣವು ಸಾಮಾನ್ಯವಾಗಿ ಬೇಸಗೆಯಲ್ಲಿ ಇರುವುದಿಲ್ಲ. ಐದು ತಿಂಗಳ ಹಿಂದೆ, ಕಾರ್ತಿಕ ಮಾಸದಲ್ಲಿ ಮಾಡದೆ ಬಿಟ್ಟ ಕೆಲಸಗಳಲ್ಲಿ ಇರುತ್ತದೆ.

ಕಾರ್ತಿಕದಲ್ಲಿ ಸೇವಂತಿಗೆ, ಚೆಂಡುಹೂವು, ಗೊರಟೆ ಮೊದಲಾದುವು ತಾವಾಗಿ ಅರಳಿ ಹಿತ್ತಲು ತುಂಬಿರುವುದರಿಂದ, ಆಗ ತೋಟಕ್ಕೆ ಯಾವ ಕೆಲಸವೂ ಬೇಕಾಗಿಲ್ಲವೆಂದು ತೋರುತ್ತದೆ. ವಾಸ್ತವವಾಗಿ ವರ್ಷದ ಕೊನೆಯ ಮಳೆಯ ತೇವವನ್ನು ನೆಲದಲ್ಲಿ ಹಿಡಿದಿಡುವುದಕ್ಕೂ, ಬೇಸಗೆಯ ಹೂವಿಗೆ ಗಿಡವನ್ನು ಅಣಿಮಾಡುವುದಕ್ಕೂ ಇದೊಂದೇ ಕಾಲ. ಈ ಕೆಲಸಗಳಿಗೆ ಹೆಚ್ಚು ಹಣವಾಗಲಿ ಕೂಲಿಯಾಗಲಿ ಬೇಕಾಗುವುದಿಲ್ಲ. ವಾರಕ್ಕೆ ಅರ್ಧ ದಿವಸದಂತೆ ಐದು ವಾರಗಳು ಸಾಕು. ಯಾವ ವಾರದಲ್ಲಿ ಯಾವುದನ್ನು ಮಾಡತಕ್ಕದ್ದು, ಅದಕ್ಕೆ ಕಾರಣವೇನು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಈ ಸೀಮೆಯ ಮಳೆಯೂ ಮಣ್ಣೂ

ಕೊಳ್ಳೇಗಾಲವು 1956 ನೆಯ ಇಸವಿ ನವೆಂಬರ್ 1 ನೆಯ ತಾರೀಖಿನವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಯಳಂದೂರು 1807 ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ ಸೀಮೆ. ಹನೂರು ಬಹುಕಾಲ ಕೊಳ್ಳೇಗಾಲ ತಾಲ್ಲೂಕಿನಲ್ಲಿದ್ದು, ಇತ್ತೀಚಿನ ವರ್ಷಗಳಲ್ಲಿ ಪ್ರತ್ಯೇಕ ತಾಲ್ಲೂಕಾಯಿತು. ಈ ಪ್ರಾಂತವೆಲ್ಲವೂ 1997 ರಿಂದ ಚಾಮರಾಜನಗರ ಜಿಲ್ಲೆಗೆ ಸೇರಿದೆ. ಆಡಳಿತದಲ್ಲಿ ಹೀಗೆ ಬೇರೆ ಬೇರೆ ದಾರಿ ನಡೆದುಬಂದಿದ್ದರೂ, ಮಳೆಯ ವಿಷಯದಲ್ಲಿ ಈ ಮೂರು ತಾಲ್ಲೂಕುಗಳೂ ಒಂದೇ ಮನೆಯವು. ಮುಂಗಾರಿನಷ್ಟೇ ಹಿಂಗಾರನ್ನೂ ಇಲ್ಲಿಯ ರೈತನು ನಂಬಿಕೊಂಡಿರುತ್ತಾನೆ. ಅಕ್ಟೋಬರ್ ತಿಂಗಳು ಇಲ್ಲಿ ಹೆಚ್ಚು ಮಳೆ ಬೀಳುವ ತಿಂಗಳುಗಳಲ್ಲಿ ಒಂದಾಗಿದೆ.

ಸ್ವಾತಿ ಮಳೆಯು ಸುಮಾರಾಗಿ ಅಕ್ಟೋಬರ್ 24 ರಿಂದ, ವಿಶಾಖಾ ನವೆಂಬರ್ 6 ರಿಂದ, ಅನೂರಾಧಾ ನವೆಂಬರ್ 19 ರಿಂದ, ಜ್ಯೇಷ್ಠಾ ಡಿಸೆಂಬರ್ 2 ಅಥವಾ 3 ರಿಂದ ಮೊದಲಾಗುತ್ತವೆ. ಸ್ವಾತಿ ವಿಶಾಖಾಗಳ ತರುವಾಯ ಮಳೆಯು ಇಳಿಮುಖವಾಗಿ, ಜ್ಯೇಷ್ಠೆಯ ಹೊತ್ತಿಗೆ ಬಹುಮಟ್ಟಿಗೆ ನಿಂತುಹೋಗುತ್ತದೆ. ಅಲ್ಲಿಂದ ಮುಂದೆ ಏಪ್ರಿಲ್ ಮಧ್ಯದ ಅಶ್ವಿನಿ, ಭರಣಿ ಮಳೆಗಳವರೆಗೆ, ಎಂದರೆ ನಾಲ್ಕು ತಿಂಗಳಿಗೂ ಮೇಲ್ಪಟ್ಟು, ನಂಬತಕ್ಕ ಮಳೆಯಿಲ್ಲ. ಆದಕಾರಣ ನವೆಂಬರಿನಲ್ಲಿ ನೆಲದೊಳಗೆ ಉಳಿಸಿಕೊಂಡ ತೇವವೇ ತೋಟದ ಮೂಲಧನ.

ಮೂರು ತಾಲ್ಲೂಕುಗಳಲ್ಲಿಯೂ ಮಣ್ಣು ಮಾತ್ರ ಒಂದೇ ಬಗೆಯದಲ್ಲ. ಹನೂರಿನ ಕಡೆಯ ಬೆಟ್ಟದ ತಪ್ಪಲಿನ ಕೆಂಪು ಜಾಳು ಮಣ್ಣು ಮಳೆ ನಿಂತ ಕೆಲವೇ ದಿವಸಗಳಲ್ಲಿ ಒಣಗುತ್ತದೆ. ಸುವರ್ಣಾವತಿ ಹೊಳೆಯ ಬಯಲಿನ ಯಳಂದೂರು ಕೊಳ್ಳೇಗಾಲಗಳ ತರಿ ಭೂಮಿಯ ಅಂಚಿನ ಹಿತ್ತಲುಗಳಲ್ಲಿ ತೇವವು ಹೆಚ್ಚುಕಾಲ ನಿಲ್ಲುತ್ತದೆ. ಮುಂದೆ ಹೇಳುವ ನೆಲದ ಕೆಲಸಗಳನ್ನು ಜಾಳು ಮಣ್ಣಿನವರು ಒಂದು ವಾರ ಮುಂಚಿತವಾಗಿಯೂ, ಎರೆ ಮತ್ತು ಜೇಡಿ ಮಣ್ಣಿನವರು ಮಣ್ಣು ಹದಕ್ಕೆ ಬಂದಮೇಲೆಯೂ ಮಾಡುವುದು ಯುಕ್ತ. ಹಿಡಿಯಷ್ಟು ಮಣ್ಣನ್ನು ಅಮುಕಿದರೆ ಉಂಡೆಯಾಗಬೇಕು, ಬೆರಳಿನಿಂದ ಮುಟ್ಟಿದರೆ ಉದುರಬೇಕು, ಅದೇ ಹದ.

ಬಿಡುವಿನ ದಿನ

ಈ ಕಾಲದಲ್ಲಿ ರಾಗಿಯ ಕೊಯ್ಲು ಮೊದಲಾಗಿ, ಅದರ ಹಿಂದೆಯೇ ಭತ್ತದ ಕೊಯ್ಲು ಬರುವುದರಿಂದ ವಾರದ ನಡುವೆ ಹಿತ್ತಲನ್ನು ನೋಡುವುದು ಕಷ್ಟ. ಆದರೆ ಭಾನುವಾರ ಶಾಲೆಯ ಮಕ್ಕಳಿಗೆ ಬಿಡುವು. ಸೋಮವಾರ ಎತ್ತುಗಳಿಗೆ ನೊಗ ಹೂಡದಿರುವುದು ಅನೇಕ ಮನೆಗಳಲ್ಲಿ ಈಗಲೂ ನಡೆದುಬಂದಿರುವ ಪದ್ಧತಿ. ಕಾರ್ತಿಕ ಸೋಮವಾರಗಳಲ್ಲಿ ಶಿವಪೂಜೆಗೆಂದು ಹೇಗೂ ಹಿಂದಿನ ಸಂಜೆ ಹೂವು ಬಿಡಿಸಲು ಹಿತ್ತಲಿಗೆ ಹೋಗಬೇಕಾಗುತ್ತದೆ. ಆದುದರಿಂದ ಭಾನುವಾರದ ಮಧ್ಯಾಹ್ನವನ್ನಾಗಲಿ ಸೋಮವಾರದ ಬೆಳಗನ್ನಾಗಲಿ ಹೂದೋಟಕ್ಕೆ ಮೀಸಲಿಟ್ಟರೆ ಹೊಲದ ಕೆಲಸಕ್ಕೆ ಭಂಗವಾಗುವುದಿಲ್ಲ.

ವಾರ ತಪ್ಪದೆ ಮಾಡಬೇಕಾದ ಕೆಲಸವೊಂದುಂಟು. ಒಡೆದ ಮಡಕೆ, ತೆಂಗಿನ ಚಿಪ್ಪು, ಹಳೆಯ ಟೈರು, ಹೂಕುಂಡದ ತಟ್ಟೆ ಇವುಗಳಲ್ಲಿ ನಿಂತ ನೀರನ್ನು ಚೆಲ್ಲಿ ಬೋರಲು ಹಾಕತಕ್ಕದ್ದು. ಡೆಂಗೀ ಜ್ವರವನ್ನು ಹರಡುವ ಸೊಳ್ಳೆಯು ಇಂತಹ ನಿಂತ ನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ಮೊಟ್ಟೆಯು ಸೊಳ್ಳೆಯಾಗಿ ಹಾರುವುದಕ್ಕೆ ಒಂದು ವಾರದಿಂದ ಹತ್ತು ದಿವಸ ಬೇಕಾಗುವುದರಿಂದ, ವಾರಕ್ಕೊಂದಾವರ್ತಿ ನೀರು ಚೆಲ್ಲುವ ಮನೆಯಲ್ಲಿ ಅದು ಬೆಳೆಯಲಾರದು. ಹಿತ್ತಲಿನ ಸೊಪ್ಪುಸದೆಯ ರಾಶಿಗೆ ಕೈಹಾಕುವ ಮುಂಚೆ ಕೋಲಿನಿಂದ ತಟ್ಟಿ ನೋಡಬೇಕು. ಮಳೆಗಾಲದ ಕೊನೆಯಲ್ಲಿ ಹಾವುಗಳು ಅಲ್ಲಿ ಸೇರಿರುವುದುಂಟು.

ಮೊದಲನೆಯ ವಾರ: ಬಸಿಗಾಲುವೆ, ಕಳೆ ಮತ್ತು ಗುಲಾಬಿ

ಸ್ವಾತಿ ಮಳೆಯ ಕೊನೆಗೆ ಪಾತಿಗಳಲ್ಲಿ ನೀರು ನಿಂತಿದ್ದರೆ ಮೊದಲು ಅದನ್ನು ಹರಿಯಬಿಡಬೇಕು. ಸೇವಂತಿಗೆ, ಕನಕಾಂಬರ ಮತ್ತು ಚೆಂಡುಹೂವಿನ ಬೇರುಗಳು ನಿಂತ ನೀರಿನಲ್ಲಿ ಕೊಳೆತು ಗಿಡವು ಏಕಾಏಕಿ ಬಾಡುತ್ತದೆ. ಹೀಗೆ ಬಾಡಿದ ಗಿಡಕ್ಕೆ ನೀರು ಸಾಲದೆಂದು ಮತ್ತಷ್ಟು ನೀರು ಹೊಯ್ಯುವವರುಂಟು. ಅದರಿಂದ ಉಳಿದ ಬೇರುಗಳೂ ನಾಶವಾಗುತ್ತವೆ.

ಕಳೆಯನ್ನು ಹೂ ಬಿಡುವ ಮುನ್ನವೇ ಬೇರುಸಹಿತ ಕೀಳತಕ್ಕದ್ದು. ಪಾರ್ಥೇನಿಯಂ ಕಳೆಯ ಒಂದೊಂದು ಗಿಡವೂ ಸಾವಿರಾರು ಬೀಜಗಳನ್ನು ಉದುರಿಸುತ್ತದೆ. ಅದರ ಸೋಂಕಿನಿಂದ ಕೆಲವರಿಗೆ ಮೈ ಕಡಿತವೂ ಉಬ್ಬಸವೂ ಬರುವುದರಿಂದ ಕೈಗೆ ಚೀಲ ಕಟ್ಟಿಕೊಂಡೇ ಕೀಳಬೇಕು. ಹೂ ಬಂದಿರದ ಎಳೆಯ ಕಳೆಯನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಬೀಜ ಕಟ್ಟಿದುದನ್ನು ಹಾಕಕೂಡದು.

ಗುಲಾಬಿಯನ್ನು ಸವರುವುದಕ್ಕೆ ಇದೇ ತಕ್ಕ ಕಾಲ. ಗುಲಾಬಿಯು ಹೊಸ ಚಿಗುರಿನ ತುದಿಯಲ್ಲಿ ಹೂ ಬಿಡುವ ಗಿಡವಾದುದರಿಂದ, ಹಳೆಯ ಕೊಂಬೆಗಳನ್ನು ಉಳಿಸಿದಷ್ಟೂ ಹೂವು ಚಿಕ್ಕದೂ ಕಡಮೆಯೂ ಆಗುತ್ತದೆ. ಮೊದಲು ಒಣಗಿದ, ಕಪ್ಪಾದ, ತೆಳುವಾದ ಮತ್ತು ಒಂದಕ್ಕೊಂದು ಉಜ್ಜುವ ಕೊಂಬೆಗಳನ್ನು ಬುಡಕ್ಕೆ ತೆಗೆಯಬೇಕು. ಕಸಿಮಾಡಿದ ಗಿಡವಾದರೆ ಕಸಿಯ ಗಂಟಿನ ಕೆಳಗೆ ಹೊರಟ ಚಿಗುರುಗಳನ್ನು ಪೂರ್ತಿಯಾಗಿ ಕಿತ್ತುಹಾಕಬೇಕು. ಅವು ಕಾಡುಜಾತಿಯ ಚಿಗುರುಗಳಾಗಿದ್ದು, ಬಿಟ್ಟರೆ ಮೇಲಿನ ಒಳ್ಳೆಯ ಜಾತಿಯನ್ನೇ ಕೊಲ್ಲುತ್ತವೆ. ಹಿಂದಿನ ಋತುವಿನ ಬಲವಾದ ಕೊಂಬೆಗಳನ್ನು ಅರ್ಧದಷ್ಟು ಉದ್ದಕ್ಕೆ ತಗ್ಗಿಸಿ, ಹೊರಮುಖವಾದ ಕಣ್ಣಿನ ಕಾಲು ಅಂಗುಲ ಮೇಲೆ ಓರೆಯಾಗಿ ಕತ್ತರಿಸತಕ್ಕದ್ದು. ಮೊಂಡು ಕುಡುಗೋಲಿನಿಂದ ಕಡಿದರೆ ತುದಿ ಸೀಳಿ, ಅಲ್ಲಿಂದ ಒಣಗುತ್ತಾ ಬರುವ ರೋಗವು ಹಿಡಿಯುತ್ತದೆ. ಆದುದರಿಂದ ಹರಿತವಾದ ಕತ್ತರಿಯನ್ನೇ ಉಪಯೋಗಿಸಬೇಕು.

ಕತ್ತರಿಸಿದ ತುದಿಗಳಿಗೆ ಬೋರ್ಡೋ ಮುಲಾಮನ್ನು ಹಚ್ಚಬೇಕು. 10 ಗ್ರಾಂ ಮೈಲುತುತ್ತವನ್ನೂ 10 ಗ್ರಾಂ ಸುಟ್ಟ ಸುಣ್ಣವನ್ನೂ ಬೇರೆ ಬೇರೆಯಾಗಿ ಕದಡಿ, ಒಟ್ಟು 100 ಮಿಲಿಲೀಟರ್ ನೀರಾಗುವಂತೆ ಕೂಡಿಸಿದರೆ ಹತ್ತಾರು ಗಿಡಗಳಿಗೆ ಸಾಕಾಗುವಷ್ಟು ಮುಲಾಮು ಆಗುತ್ತದೆ. ಕಬ್ಬಿಣದ ಪಾತ್ರೆಯನ್ನು ಬಳಸಕೂಡದು. ಮಣ್ಣಿನ ಅಥವಾ ಪ್ಲಾಸ್ಟಿಕ್ಕಿನ ಪಾತ್ರೆ ಆಗಬಹುದು. ತರುವಾಯ ಗಿಡವೊಂದಕ್ಕೆ ಒಂದು ಮಂಕರಿ ಕೊಳೆತ ಕೊಟ್ಟಿಗೆ ಗೊಬ್ಬರವನ್ನು ಮಣ್ಣಿಗೆ ಬೆರೆಸಬೇಕು. ಹೀಗೆ ಸವರಿದ ಗಿಡವು ಸುಮಾರು 45 ದಿವಸಗಳಲ್ಲಿ ಹೂ ಬಿಡುವುದರಿಂದ, ಧನುರ್ಮಾಸದ ಪೂಜೆಗೂ ಸಂಕ್ರಾಂತಿಗೂ ಮನೆಯ ಗುಲಾಬಿ ಒದಗುತ್ತದೆ.

ಎರಡನೆಯ ವಾರ: ಸೇವಂತಿಗೆ ಮತ್ತು ರಾತ್ರಿಯ ದೀಪ

ಸೇವಂತಿಗೆಯು ಈಗ ಮೊಗ್ಗಿನಲ್ಲಿಯೋ ಹೂವಿನಲ್ಲಿಯೋ ಇರುತ್ತದೆ. ಮಳೆಯಿಂದ ತಲೆಭಾರವಾದ ಗಿಡಗಳು ನೆಲಕ್ಕೊರಗಿದರೆ ಹೂವು ಕೆಸರಾಗಿ ಕೊಳೆಯುತ್ತದೆ. ಹಿಪ್ಪುನೇರಳೆಯ ಒಣ ಕಡ್ಡಿಗಳನ್ನು ಗಿಡದ ಪಕ್ಕದಲ್ಲಿ ಊರಿ ಬಾಳೆನಾರಿನಿಂದ ಸಡಿಲವಾಗಿ ಕಟ್ಟಿದರೆ ಸಾಕು. ಬುಡದ ಹಳದಿಯಾದ ಮತ್ತು ಕಪ್ಪು ಚುಕ್ಕೆಯ ಎಲೆಗಳನ್ನು ಕಿತ್ತು ಸುಡಬೇಕು. ನೀರನ್ನು ಬುಡಕ್ಕೆ ಮಾತ್ರ, ಬೆಳಗಿನ ಹೊತ್ತಿನಲ್ಲಿ ಹಾಕಬೇಕು. ಸಂಜೆ ಎಲೆಯ ಮೇಲೆ ಬಿದ್ದ ನೀರು ಇಬ್ಬನಿಯೊಡನೆ ರಾತ್ರಿಯೆಲ್ಲಾ ನಿಂತು ಎಲೆಯ ರೋಗವನ್ನು ಹೆಚ್ಚಿಸುತ್ತದೆ.

ಕೆಲವು ಮನೆಗಳಲ್ಲಿ ಸೇವಂತಿಗೆಯು ಸೊಂಪಾಗಿ ಬೆಳೆದರೂ ಹೂ ಬಿಡದೆ ಇರುವುದನ್ನು ಕಂಡು ಗೊಬ್ಬರ ಸಾಲದೆಂದೋ ದೃಷ್ಟಿ ತಗಲಿತೆಂದೋ ಹೇಳುವುದುಂಟು. ಇದಕ್ಕೆ ಬೀದಿಯ ಅಥವಾ ಅಂಗಳದ ವಿದ್ಯುದ್ದೀಪವು ಕಾರಣವಾಗಿರಬಹುದು. ಗಿಡಗಳು ಹಗಲು ರಾತ್ರಿಗಳ ಉದ್ದವನ್ನು ಅರಿತು ಹೂ ಬಿಡುತ್ತವೆಂಬುದನ್ನು ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ಶಾಸ್ತ್ರಜ್ಞರು 1920 ರಲ್ಲಿ ಪ್ರಕಟಿಸಿದರು. ನಮ್ಮ ಸೀಮೆಯಲ್ಲಿ ಜೂನ್ ತಿಂಗಳಿನ ಹಗಲು ಸುಮಾರು ಹನ್ನೆರಡು ಮುಕ್ಕಾಲು ಗಂಟೆ. ಡಿಸೆಂಬರಿನಲ್ಲಿ ಅದು ಹನ್ನೊಂದೂವರೆ ಗಂಟೆಗೆ ಇಳಿಯುತ್ತದೆ. ರಾತ್ರಿಯು ಹೀಗೆ ಉದ್ದವಾಗುತ್ತಾ ಬಂದಾಗಲೇ ಸೇವಂತಿಗೆಯು ಎಲೆ ಬಿಡುವುದನ್ನು ನಿಲ್ಲಿಸಿ ಮೊಗ್ಗು ಕಟ್ಟುತ್ತದೆ. ರಾತ್ರಿಯ ನಡುವೆ ಬೆಳಕು ಬಿದ್ದರೆ ಗಿಡಕ್ಕೆ ರಾತ್ರಿಯು ತುಂಡಾದಂತಾಗಿ ಮೊಗ್ಗು ತಡವಾಗುತ್ತದೆ. ಆದಕಾರಣ ಇಡೀ ರಾತ್ರಿ ದೀಪ ಉರಿಯುವ ಕಡೆ ಸೇವಂತಿಗೆಯನ್ನು ನೆಡಕೂಡದು. ಕುಂಡದಲ್ಲಿದ್ದರೆ ಕತ್ತಲೆಯ ಮೂಲೆಗೆ ಸಾಗಿಸತಕ್ಕದ್ದು.

ಹೂವನ್ನು ಮೂರು ನಾಲ್ಕು ದಿವಸಗಳಿಗೊಮ್ಮೆ ಬಿಡಿಸುತ್ತಿದ್ದರೆ ಮುಂದಿನ ಮೊಗ್ಗುಗಳು ಬಲಿಯುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ ಹೂ ಬಿಟ್ಟ, ರೋಗವಿಲ್ಲದ ನಾಲ್ಕಾರು ಗಿಡಗಳಿಗೆ ಈಗಲೇ ಬಣ್ಣದ ದಾರ ಕಟ್ಟಿ ಗುರುತಿಡಬೇಕು. ಹೂವು ಮುಗಿದ ಮೇಲೆ ಎಲ್ಲಾ ಗಿಡಗಳೂ ಒಂದೇ ರೀತಿ ಕಾಣುವುದರಿಂದ ಆಗ ಆರಿಸಲು ಸಾಧ್ಯವಾಗದು. ಪುಷ್ಯದಲ್ಲಿ ಹೂವು ತೀರಿದ ತರುವಾಯ ಗುರುತಿನ ಗಿಡಗಳನ್ನು ನೆಲದಿಂದ ಅರ್ಧ ಅಡಿಗೆ ಕತ್ತರಿಸಿ, ಅರೆನೆರಳಿನಲ್ಲಿ ಸ್ವಲ್ಪ ನೀರು ಕೊಟ್ಟು ಉಳಿಸಿಕೊಂಡರೆ, ಬುಡದಲ್ಲಿ ಹೊರಡುವ ಕಂದುಗಳೇ ಮುಂದಿನ ವರ್ಷದ ಸಸಿಗಳಾಗುತ್ತವೆ.

ಮೂರನೆಯ ವಾರ: ತೇವವನ್ನು ಮುಚ್ಚಿಡುವುದು

ಕೊಯ್ಲಾದ ಹೊಲಕ್ಕೆ ಮಾಗಿ ಉಳುಮೆಯು ಏಕೆ ಬೇಕೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ಹೇಳಬೇಕಾದುದಿಲ್ಲ. ಹೊಲಕ್ಕೆ ಮಾಗಿ ಉಳುಮೆ ಹೇಗೋ ಹಿತ್ತಲಿಗೆ ಅನೂರಾಧಾ ಮಳೆಯ ಗುದ್ದಲಿಯ ಕೆಲಸ ಹಾಗೆ. ಮಳೆಯ ಹನಿಗಳಿಂದ ಗಟ್ಟಿಯಾದ ಮೇಲ್ಮಣ್ಣಿನಲ್ಲಿ ಕೂದಲಿನಂತಹ ಸೂಕ್ಷ್ಮ ರಂಧ್ರಗಳುಂಟಾಗಿ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಒಳಗಿನ ತೇವವು ಮೇಲಕ್ಕೇರಿ ಬಿಸಿಲಿಗೆ ಆರಿಹೋಗುತ್ತದೆ. ಎರಡು ಅಂಗುಲ ಆಳಕ್ಕೆ ಮಣ್ಣನ್ನು ಸಡಿಲಿಸಿ ಪುಡಿಮಾಡಿದರೆ ಈ ದಾರಿಯು ಕಡಿದುಹೋಗುತ್ತದೆ. ಇದಕ್ಕಿಂತ ಆಳವಾಗಿ ಅಗೆದರೆ ಮಲ್ಲಿಗೆ ಕನಕಾಂಬರಗಳ ಮೇಲುಬೇರುಗಳು ತುಂಡಾಗುವುದರಿಂದ ಕಳೆಗುದ್ದಲಿಯೇ ಇದಕ್ಕೆ ತಕ್ಕ ಉಪಕರಣ.

ಸಡಿಲಿಸಿದ ಮಣ್ಣಿನ ಮೇಲೆ ಎರಡು ಮೂರು ಅಂಗುಲ ದಪ್ಪದ ಹೊದಿಕೆಯನ್ನು ಹರಡಬೇಕು. ತರಗೆಲೆ, ಕಬ್ಬಿನ ತರಗು, ರಾಗಿಯ ಹೊಟ್ಟು, ದನ ತಿಂದು ಬಿಟ್ಟ ಹುಲ್ಲು ಇವುಗಳಲ್ಲಿ ಯಾವುದಾದರೂ ಆಗಬಹುದು. ಹೊದಿಕೆಯು ಗಿಡದ ಕಾಂಡಕ್ಕೆ ತಗಲದಂತೆ ನಾಲ್ಕು ಬೆರಳು ದೂರವಿರಬೇಕು. ತಗಲಿದರೆ ತೊಗಟೆ ಕೊಳೆಯುವುದೂ ಗೆದ್ದಲು ಏರುವುದೂ ಉಂಟು. ಅದೇ ಕಾರಣದಿಂದ ಮನೆಯ ಗೋಡೆಗೂ ಬಾಗಿಲ ಮರಕ್ಕೂ ಒತ್ತಿದಂತೆ ಹರಡಕೂಡದು.

ಇದರಿಂದಾಗುವ ಲಾಭವನ್ನು ಲೆಕ್ಕಮಾಡಿ ನೋಡಬಹುದು. ಹಿತ್ತಲಿನಲ್ಲಿ ಹನ್ನೆರಡು ಗಿಡಗಳಿದ್ದು, ಗಿಡಕ್ಕೊಂದು ಬಿಂದಿಗೆಯಂತೆ ಮೂರು ದಿವಸಗಳಿಗೊಮ್ಮೆ ನೀರು ಹಾಕುವುದಾದರೆ, ಜನವರಿಯಿಂದ ಏಪ್ರಿಲಿನವರೆಗಿನ 120 ದಿವಸಗಳಿಗೆ 480 ಬಿಂದಿಗೆ ನೀರು ಬೇಕು. ಹೊದಿಕೆಯ ದೆಸೆಯಿಂದ ತೇವವು ನಿಂತು ಈ ಅಂತರವನ್ನು ಐದು ದಿವಸಗಳಿಗೆ ಹೆಚ್ಚಿಸಲು ಸಾಧ್ಯವಾದರೆ 288 ಬಿಂದಿಗೆ ಸಾಕು. ಉಳಿದ 192 ಬಿಂದಿಗೆಗಳನ್ನು ಬೇಸಗೆಯ ಬಿಸಿಲಿನಲ್ಲಿ ಸೊಂಟದ ಮೇಲೆ ಹೊರುವವರು ಸಾಮಾನ್ಯವಾಗಿ ಮನೆಯ ಹೆಂಗಸರೂ ಮಕ್ಕಳೂ ಆಗಿರುತ್ತಾರೆಂಬುದನ್ನು ಯಜಮಾನರು ನೆನೆಯಬೇಕು. ಬೇಸಗೆಯಲ್ಲಿ ಬಾವಿ, ಕೊಳವೆಬಾವಿಗಳ ನೀರು ತಗ್ಗಿದಾಗ ಮೊದಲು ಬಾಡುವುದು ಹೂದೋಟವೇ. ಅಂತಹ ಊರುಗಳಲ್ಲಿ ಹೊದಿಕೆಯಿಲ್ಲದೆ ಹೂವಿನ ಗಿಡಗಳು ಉಳಿಯುವುದು ದುರ್ಲಭ.

ಹೊದಿಕೆಗೆ ಮಿಕ್ಕ ತರಗನ್ನು ಸುಡುವ ಅಭ್ಯಾಸವನ್ನು ಬಿಡಬೇಕು. ಹಿತ್ತಲಿನ ಮೂಲೆಯಲ್ಲಿ ಮೂರು ಅಡಿ ಆಳದ ಗುಂಡಿ ತೋಡಿ, ಅರ್ಧ ಅಡಿ ತರಗು, ಅದರ ಮೇಲೆ ಸಗಣಿಯ ಬಗ್ಗಡ, ಮೇಲೆ ತೆಳುವಾಗಿ ಮಣ್ಣು ಎಂಬ ಕ್ರಮದಲ್ಲಿ ತುಂಬಿ, ತೇವವಾರದಂತೆ ನೋಡಿಕೊಂಡು, ತಿಂಗಳಿಗೊಮ್ಮೆ ಮಗುಚಿದರೆ ಮೂರು ನಾಲ್ಕು ತಿಂಗಳುಗಳಲ್ಲಿ ಒಳ್ಳೆಯ ಗೊಬ್ಬರವಾಗುತ್ತದೆ. ರೇಷ್ಮೆ ಸಾಕುವ ಮನೆಗಳಲ್ಲಿ ಹುಳುವಿನ ಹಿಕ್ಕೆಯೂ ತಿಂದುಳಿದ ಸೊಪ್ಪೂ ಹೇರಳವಾಗಿ ಸಿಕ್ಕುತ್ತವೆ. ಸಾರಜನಕವು ಹೆಚ್ಚಾಗಿರುವ ಈ ಕಸವನ್ನು ಬೀದಿಗೆ ಚೆಲ್ಲುವುದು ಹಣವನ್ನು ಚೆಲ್ಲಿದಂತೆಯೇ ಸರಿ. ಆದರೆ ಹಸಿಯಾಗಿ ಗಿಡದ ಬುಡಕ್ಕೆ ಹಾಕದೆ, ಗುಂಡಿಯಲ್ಲಿ ಕೊಳೆಸಿಯೇ ಉಪಯೋಗಿಸತಕ್ಕದ್ದು.

ನಾಲ್ಕನೆಯ ವಾರ: ಮಲ್ಲಿಗೆಯನ್ನು ಸವರುವುದು

ಈ ಲೇಖನದಲ್ಲಿ ಹೇಳಿದ ಕೆಲಸಗಳಲ್ಲೆಲ್ಲಾ ಇದೇ ಮುಖ್ಯವಾದುದು. ಇದನ್ನೇ ಜನರು ಮಾಡಲು ಹಿಂಜರಿಯುವುದು. ಎಲೆಯಿಂದ ತುಂಬಿ ಹಸುರಾಗಿರುವ ಗಿಡಕ್ಕೆ ಕತ್ತರಿ ಹಾಕಲು ಮನಸ್ಸು ಬಾರದಿರುವುದು ಸಹಜ. ಆದರೆ ಮಲ್ಲಿಗೆಯು ಆ ಋತುವಿನಲ್ಲಿ ಹೊರಟ ಹೊಸ ಚಿಗುರುಗಳಲ್ಲಿ ಮಾತ್ರ ಹೇರಳವಾಗಿ ಮೊಗ್ಗು ಕಟ್ಟುತ್ತದೆ. ಸವರದೆ ಬಿಟ್ಟ ಗಿಡವು ತನ್ನ ಸಾರವನ್ನೆಲ್ಲಾ ಹಳೆಯ ಕಡ್ಡಿಗಳನ್ನು ಕಾಪಾಡುವುದರಲ್ಲಿಯೇ ಕಳೆಯುತ್ತದೆ.

ಮಲ್ಲಿಗೆಯ ಜಾತಿಗಳೆಲ್ಲವನ್ನೂ ಒಂದೇ ದಿವಸ ಸವರಕೂಡದು. ದುಂಡುಮಲ್ಲಿಗೆಯನ್ನು ನವೆಂಬರ್ ತಿಂಗಳ ಕೊನೆಯ ವಾರದಲ್ಲಿಯೂ, ಜಾಜಿಯನ್ನು ಡಿಸೆಂಬರಿನ ಕೊನೆಯಲ್ಲಿಯೂ, ಸೂಜಿಮಲ್ಲಿಗೆಯನ್ನು ಜನವರಿಯ ಕೊನೆಯ ವಾರದಲ್ಲಿಯೂ ಸವರುವುದು ಕ್ರಮ. ದುಂಡುಮಲ್ಲಿಗೆಯು ಮಾರ್ಚಿ ತಿಂಗಳಿನಿಂದಲೇ ಹೂವಿಗೆ ಬರುವ ಜಾತಿಯಾದುದರಿಂದ ಅದಕ್ಕೆ ಎಲ್ಲಕ್ಕಿಂತ ಮುಂಚಿತವಾಗಿ ಕತ್ತರಿ ಬೀಳಬೇಕು. ಅದನ್ನು ಮಾಘದವರೆಗೆ ತಡಮಾಡಿದವರಿಗೆ ಮೊದಲನೆಯ ಹೂವು ತಪ್ಪಿಹೋಗುತ್ತದೆ.

ಮಾಡತಕ್ಕ ರೀತಿ ಹೇಗೆಂದರೆ: ಸವರುವುದಕ್ಕೆ ಎರಡು ವಾರ ಮೊದಲೇ ನೀರನ್ನು ನಿಲ್ಲಿಸಿ ಗಿಡಕ್ಕೆ ವಿಶ್ರಾಂತಿ ಕೊಡಬೇಕು. ಅನಂತರ ಕೊಂಬೆಗಳನ್ನೆಲ್ಲಾ ಒಟ್ಟಿಗೆ ಹಗ್ಗದಿಂದ ಕಟ್ಟಿ, ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ ಕತ್ತರಿಸಬೇಕು. ಕಟ್ಟು ಬಿಚ್ಚಿ, ಒಣಗಿದ, ರೋಗ ಹಿಡಿದ ಮತ್ತು ಒಳಮುಖವಾಗಿ ಬೆಳೆದ ಕಡ್ಡಿಗಳನ್ನು ಬುಡಕ್ಕೆ ತೆಗೆದು, ಗಿಡದ ನಡುವಿಗೆ ಗಾಳಿ ಬೆಳಕು ಬರುವಂತೆ ಮಾಡಬೇಕು. ಬುಡದ ಸುತ್ತ ಮೇಲ್ಮಣ್ಣನ್ನು ಬಿಡಿಸಿ, ಬೆಳೆದ ಗಿಡವೊಂದಕ್ಕೆ 10 ಕಿಲೋಗ್ರಾಂ ಕೊಳೆತ ಗೊಬ್ಬರವನ್ನೂ ಒಂದು ಹಿಡಿ ಬೇವಿನ ಹಿಂಡಿಯನ್ನೂ ಹಾಕಿ, ಮಣ್ಣು ಮುಚ್ಚಿ, ಒಂದಾವರ್ತಿ ಚೆನ್ನಾಗಿ ನೀರು ಕೊಟ್ಟು, ಮತ್ತೆ ಹೊದಿಕೆಯನ್ನು ಹರಡಬೇಕು. ಅಲ್ಲಿಂದ ಚಿಗುರು ಬಲಿಯುವವರೆಗೆ ಚಳಿಗಾಲದಲ್ಲಿ ಹೆಚ್ಚು ನೀರು ಬೇಕಾಗುವುದಿಲ್ಲ. ಮೊಗ್ಗು ಕಾಣಿಸಿಕೊಂಡಮೇಲೆ ಮಾತ್ರ ನೀರು ತಪ್ಪಿಸಕೂಡದು.

ಹಲವು ವರ್ಷಗಳಿಂದ ಕತ್ತರಿ ಕಾಣದ ಮುದಿ ಪೊದೆಯನ್ನು ಒಂದೇ ಸಲಕ್ಕೆ ತಗ್ಗಿಸಲು ಭಯವಾದರೆ, ಈ ವರ್ಷ ಅರ್ಧ ಕೊಂಬೆಗಳನ್ನೂ ಬರುವ ವರ್ಷ ಉಳಿದ ಅರ್ಧವನ್ನೂ ಸವರಬಹುದು. ಮನೆಯಲ್ಲಿ ಎರಡು ಗಿಡಗಳಿದ್ದವರು ಒಂದನ್ನು ಸವರಿ ಮತ್ತೊಂದನ್ನು ಹಾಗೆಯೇ ಬಿಟ್ಟು, ಮೇ ತಿಂಗಳಲ್ಲಿ ಎರಡರ ಹೂವನ್ನೂ ತೂಗಿ ನೋಡಲಿ. ಆ ತಕ್ಕಡಿಯು ಹೇಳುವಷ್ಟು ಸ್ಪಷ್ಟವಾಗಿ ಯಾವ ಲೇಖನವೂ ಹೇಳಲಾರದು.

ಐದನೆಯ ವಾರ: ಬೀಜ, ಕಡ್ಡಿ ಮತ್ತು ಉಪಕರಣಗಳು

ಜ್ಯೇಷ್ಠಾ ಮಳೆಯ ಹೊತ್ತಿಗೆ ಬಿಸಿಲು ಒಣಗಾಳಿಗಳು ನಿಂತು ಬೀಜ ಹಿಡಿಯುವುದಕ್ಕೆ ಅನುಕೂಲವಾಗುತ್ತದೆ. ಚೆಂಡುಹೂವಿನಲ್ಲಿ ದಪ್ಪವಾದ, ಬಣ್ಣ ತುಂಬಿದ ಹೂಗಳನ್ನು ಗಿಡದಲ್ಲಿಯೇ ಒಣಗಲು ಬಿಟ್ಟು, ತರುವಾಯ ನೆರಳಿನಲ್ಲಿ ಆರಿಸಿ, ಬಟ್ಟೆಯ ಗಂಟಿನಲ್ಲಿ ಕಟ್ಟಿ, ಒಣಬೂದಿ ಹಾಕಿದ ಡಬ್ಬಿಯಲ್ಲಿಡಬೇಕು. ಅಂಗಡಿಯಿಂದ ತಂದ ಮಿಶ್ರತಳಿಯ ಬೀಜದಿಂದ ಬೆಳೆದ ಗಿಡವಾದರೆ ಅದರ ಬೀಜವು ತಾಯಿಯ ಗುಣವನ್ನು ಪೂರ್ತಿಯಾಗಿ ತೋರುವುದಿಲ್ಲವಾದುದರಿಂದ ನಾಟಿ ಜಾತಿಯದನ್ನೇ ಆರಿಸತಕ್ಕದ್ದು.

ಕನಕಾಂಬರವು ನಮ್ಮ ದಕ್ಷಿಣ ದೇಶದ ಸ್ವಂತ ಗಿಡ. ಚೆಂಡುಹೂವು ಮೆಕ್ಸಿಕೋ ದೇಶದಿಂದಲೂ ಸೇವಂತಿಗೆ ಚೀನಾ ದೇಶದಿಂದಲೂ ಬಂದ ಅತಿಥಿಗಳು. ಕನಕಾಂಬರದ ಒಣಗಿದ ತೆನೆಯು ನೀರು ಸೋಕಿದ ಕೂಡಲೆ ಚಟಪಟನೆ ಸಿಡಿದು ಬೀಜವನ್ನು ದೂರಕ್ಕೆ ಎಸೆಯುತ್ತದೆ. ಆದುದರಿಂದ ಇಬ್ಬನಿ ಆರಿದ ಮೇಲೆ, ನೀರು ಹಾಕುವ ಮುನ್ನ, ಒಣ ತೆನೆಗಳನ್ನು ಬಿಡಿಸಿ ಬಟ್ಟೆಯ ಚೀಲಕ್ಕೆ ತುಂಬಬೇಕು. ಹೂವು ಮುಗಿದ ತೆನೆಗಳನ್ನು ತೆಗೆಯುವುದರಿಂದ ಹೊಸ ತೆನೆಗಳು ಬೇಗ ಹೊರಡುತ್ತವೆ. ದೆಹಲಿ ಕನಕಾಂಬರವೆಂಬ ಜಾತಿಯು ಬೀಜ ಕಟ್ಟುವುದಿಲ್ಲ. ಅದನ್ನು ತುದಿಯ ಕಡ್ಡಿಗಳಿಂದಲೇ ಹೆಚ್ಚಿಸಬೇಕು.

ಕನಕಾಂಬರವು ಒಂದೇ ಜಾಗದಲ್ಲಿ ವರ್ಷ ವರ್ಷವೂ ಸೊರಗಿ ಬಾಡುತ್ತಿದ್ದರೆ, ಮಣ್ಣಿನಲ್ಲಿ ಕಣ್ಣಿಗೆ ಕಾಣದ ಬೇರುಜಂತುಗಳು ಸೇರಿರುವುದೂ ಕಾರಣವಾಗಿರಬಹುದು. ಅಂತಹ ಪಾತಿಯಲ್ಲಿ ಒಂದು ವರ್ಷ ಚೆಂಡುಹೂವನ್ನು ಒತ್ತಾಗಿ ಬೆಳೆದು, ಹೂವು ತೀರಿದ ಮೇಲೆ ಗಿಡಗಳನ್ನು ಅಲ್ಲಿಯೇ ಮಣ್ಣಿಗೆ ಸೇರಿಸಿದರೆ ಜಂತುಗಳು ಕಡಮೆಯಾಗುತ್ತವೆ. ಚೆಂಡುಹೂವಿನ ಬೇರಿನಲ್ಲಿರುವ ಒಂದು ಪದಾರ್ಥವು ಅವಕ್ಕೆ ವಿಷ.

ಕಡೆಯದಾಗಿ ಕತ್ತರಿ, ಕುಡುಗೋಲು, ಗುದ್ದಲಿಗಳನ್ನು ತೊಳೆದು, ಸಾಣೆ ಹಿಡಿದು, ಎಣ್ಣೆ ಸವರಿ ಇಡಬೇಕು.

ಕೀಟಗಳು, ಮತ್ತು ಒಂದು ಎಚ್ಚರಿಕೆ

ಮಳೆ ನಿಂತ ತರುವಾಯ ದಾಸವಾಳಕ್ಕೆ ಹಿಟ್ಟು ತಿಗಣೆಯೂ, ಸೇವಂತಿಗೆಯ ಮೊಗ್ಗಿಗೆ ಕಪ್ಪು ಹೇನೂ, ಗುಲಾಬಿಯ ಚಿಗುರಿಗೆ ಬೂದಿ ರೋಗವೂ ಬರುವುದುಂಟು. ಹೆಚ್ಚು ಹತ್ತಿದ ತುದಿಗಳನ್ನು ಮುರಿದು ಸುಟ್ಟು, ಉಳಿದುದಕ್ಕೆ ಬೇವಿನ ಬೀಜದ ಕಷಾಯವನ್ನು ಚಿಮುಕಿಸಿದರೆ ಮನೆಯ ತೋಟಕ್ಕೆ ಸಾಕು. ಲೀಟರಿಗೆ 50 ಗ್ರಾಂ ಒಣ ಬೇವಿನ ಬೀಜದ ತಿರುಳನ್ನು ಕುಟ್ಟಿ, ರಾತ್ರಿ ನೆನೆಸಿ, ಬೆಳಿಗ್ಗೆ ಶೋಧಿಸಿ, ಸ್ವಲ್ಪ ಸೋಪು ಕರಗಿಸಿ ಸಂಜೆಯ ಹೊತ್ತು ಸಿಂಪಡಿಸತಕ್ಕದ್ದು. ಬೂದಿ ರೋಗಕ್ಕೆ ಗಂಧಕದ ಪುಡಿಯನ್ನು ಬೆಳಗಿನ ಇಬ್ಬನಿಯಲ್ಲಿ ತೆಳುವಾಗಿ ಎರಚಬಹುದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಕೊಳ್ಳೇಗಾಲದ ಸೀಮೆಯು ರೇಷ್ಮೆಯ ಸೀಮೆ. ಹೂವಿನ ಗಿಡಕ್ಕೆಂದು ಹೊಡೆದ ಕೀಟನಾಶಕವು ಗಾಳಿಯಲ್ಲಿ ತೇಲಿ ಪಕ್ಕದ ಹಿಪ್ಪುನೇರಳೆಯ ಸೊಪ್ಪಿನ ಮೇಲೆ ಬಿದ್ದರೆ, ಆ ಸೊಪ್ಪು ತಿಂದ ಹುಳುಗಳು ಸಾಯುತ್ತವೆ. ನಾಲ್ಕು ಮೊಳ ಹೂವಿಗಾಗಿ ನೆರೆಯವನ ಒಂದು ಬೆಳೆ ಗೂಡು ನಾಶವಾಗುವುದು ನ್ಯಾಯವಲ್ಲ. ಹಿಪ್ಪುನೇರಳೆಯ ತೋಟಕ್ಕೂ ಹುಳುಮನೆಗೂ ಹತ್ತಿರವಿರುವ ಹಿತ್ತಲಿನಲ್ಲಿ ಯಾವ ಕೀಟನಾಶಕವನ್ನೂ ಸಿಂಪಡಿಸಕೂಡದು. ಬೇವಿನ ಕಷಾಯವೂ ಸಹ ಆ ಸೊಪ್ಪಿಗೆ ಸೋಕದಂತೆ ನೋಡಿಕೊಳ್ಳತಕ್ಕದ್ದು. ಹುಳುಗಳಿಗೆ ಸೊಪ್ಪು ಬಿಡಿಸುವವರೂ ಮೊದಲು ಕೈ ತೊಳೆದುಕೊಳ್ಳಬೇಕು.

ಗ್ರಾಮದ ಯಜಮಾನರಲ್ಲಿ ವಿಜ್ಞಾಪನೆ

ಹೂದೋಟದ ಕೆಲಸವು ಹೆಂಗಸರ ಮಕ್ಕಳ ಕೆಲಸವೆಂದು ಉದಾಸೀನ ಮಾಡುವವರುಂಟು. ನೀರು, ಗೊಬ್ಬರ, ಕತ್ತರಿ, ಜಾಗ ಇವುಗಳನ್ನು ಒದಗಿಸುವ ಅಧಿಕಾರವು ಯಜಮಾನರದಾಗಿರುವಾಗ, ತೋಟದ ಕ್ಷೇಮದ ಹೊಣೆಯೂ ಅವರದೇ ಆಗಿರುತ್ತದೆ. ಊರಿನಲ್ಲಿ ಒಬ್ಬಿಬ್ಬರು ದೊಡ್ಡ ಹಿಡುವಳಿದಾರರು ನವೆಂಬರ್ ಕೊನೆಯ ವಾರದಲ್ಲಿ ತಮ್ಮ ಹಿತ್ತಲಿನ ಮಲ್ಲಿಗೆಯನ್ನು ನಾಲ್ಕು ಜನರ ಎದುರಿಗೆ ಸವರಿ ತೋರಿಸಿದರೆ ಉಳಿದವರಿಗೆ ಧೈರ್ಯ ಬರುತ್ತದೆ. ಗುರುತಿಟ್ಟ ಸೇವಂತಿಗೆಯ ಕಂದುಗಳು, ಕನಕಾಂಬರದ ಬೀಜ, ಮಲ್ಲಿಗೆಯ ಬಳ್ಳಿ ಇವುಗಳನ್ನು ಜಾಗ ಕಡಮೆಯಿರುವ ಬಡವರ ಮನೆಗಳಿಗೂ ಊರ ಶಾಲೆಗೂ ಹಂಚುವುದರಿಂದ ಕೊಟ್ಟವರಿಗೆ ನಷ್ಟವೇನೂ ಇಲ್ಲ. ಒಬ್ಬರ ಹಿತ್ತಲಿನಲ್ಲಿ ರೋಗದಿಂದ ಜಾತಿಯೇ ಹಾಳಾದರೂ ನೆರೆಮನೆಯಲ್ಲಿ ಅದು ಉಳಿದಿರುತ್ತದೆ.

ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಸೋಲಿಗರು ಪೂಜಿಸಿಕೊಂಡು ಬಂದಿರುವ ದೊಡ್ಡ ಸಂಪಿಗೆಯ ಮರವನ್ನು ಈ ಸೀಮೆಯವರೆಲ್ಲರೂ ಬಲ್ಲರು. ತಲೆತಲಾಂತರದಿಂದ ಒಂದು ಸಮುದಾಯವು ತನ್ನದೆಂದು ಕಾಪಾಡಿದುದರಿಂದಲೇ ಆ ಮರವು ಇಂದಿಗೂ ನಿಂತಿದೆ. ಪ್ರತಿ ಊರಿನ ಗುಡಿಯ ಮುಂದೆಯೂ ಒಂದು ಸಂಪಿಗೆಯ ಸಸಿಯನ್ನು ಮುಂದಿನ ಮಳೆಗಾಲದಲ್ಲಿ ನೆಟ್ಟು, ಮೊದಲ ಎರಡು ಬೇಸಗೆ ನೀರೆರೆದರೆ ಊರಿಗೆಲ್ಲಾ ಹೂವಾಗುತ್ತದೆ. ಅದರ ಗುಂಡಿಯನ್ನು ಈಗಲೇ, ನೆಲವು ಮೆತ್ತಗಿರುವಾಗ, ತೋಡಿ ಬಿಟ್ಟರೆ ಮಣ್ಣು ಬೇಸಗೆಯ ಬಿಸಿಲಿಗೆ ಕಾದು ಹದವಾಗುತ್ತದೆ.

ಈ ಮಾಸದ ಬಿಡುವಿನ ದಿವಸಗಳು ಐದೇ ಐದು. ಸ್ವಾತಿಯಲ್ಲಿ ಗುಲಾಬಿ, ವಿಶಾಖೆಯಲ್ಲಿ ಸೇವಂತಿಗೆ, ಅನೂರಾಧೆಯಲ್ಲಿ ಹೊದಿಕೆ, ಅದರ ಕೊನೆಗೆ ದುಂಡುಮಲ್ಲಿಗೆ, ಜ್ಯೇಷ್ಠೆಯಲ್ಲಿ ಬೀಜ ಎಂದು ನೆನಪಿಟ್ಟುಕೊಂಡು ನಡೆಸಿದವರ ಹಿತ್ತಲಿನಲ್ಲಿ ಬರುವ ಯುಗಾದಿಗೆ ಮಲ್ಲಿಗೆಯನ್ನು ಸಂತೆಯಿಂದ ತರಬೇಕಾದ ಪ್ರಮೇಯವಿರುವುದಿಲ್ಲ.